ದುಡಿಯುವ ಕೈಗೊಂದು ಪ್ರಾರ್ಥನೆ

ನಿತ್ಯದ ದುಡಿಮೆಗೆ ದೈವದ ಒತ್ತಾಸೆಯನ್ನು ಬೇಡುವುದು ಎಲ್ಲ ಜನರಲ್ಲಿಯೂ ಕಂಡುಬರುವ ಸಂಗತಿ. ನಮ್ಮ ಗರತಿಯರು ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕುಳಿತು, ಮೊದಲು ದೇವರನ್ನು ನೆನೆದು, ಆಮೇಲೆ ಗೂಟಕ್ಕೆ ಕೈ ಹಚ್ಚುತ್ತಿದ್ದರು. ಇಸ್ಲಾಮಿನಲ್ಲಿಯೂ ಬೀಸುಕಲ್ಲಿನ ನೋವಿನಿಂದಲೇ ಹುಟ್ಟಿದ ಪ್ರಾರ್ಥನೆಯೊಂದುಂಟು. ಅದರ ಹೆಸರು ‘ತಸ್ಬೀಹೆ ಫಾತಿಮಾ’.

ಪೈಗಂಬರರ ಮಗಳು ಫಾತಿಮಾ ಅವರ ಕೈಗಳು ಬೀಸಿ ಬೀಸಿ ಜಡ್ಡುಗಟ್ಟಿದ್ದವು. ನೀರು ಸೇದಿ ಪತಿ ಅಲಿಯವರ ಎದೆ ನೋಯುತ್ತಿತ್ತು. ಮನೆಗೆಲಸಕ್ಕೊಬ್ಬ ಆಳು ಬೇಕೆಂದು ಕೇಳಲು ಆಕೆ ತಂದೆಯಲ್ಲಿಗೆ ಹೋದರು. ತಂದೆ ಸಿಗಲಿಲ್ಲ, ಆಯಿಷಾ ಅವರಲ್ಲಿ ವಿಷಯ ತಿಳಿಸಿ ಮರಳಿದರು. ಅಂದು ರಾತ್ರಿ ಪೈಗಂಬರರೇ ಮಗಳ ಮನೆಗೆ ಬಂದರು. ಆಳಿಗಿಂತ ಮಿಗಿಲಾದುದನ್ನು ಕೊಡುವೆನೆಂದು ಹೇಳಿ, ಮಲಗುವ ಮುನ್ನ ‘ಸುಬ್‌ಹಾನಲ್ಲಾಹ್’ ಎಂದು 33 ಬಾರಿ, ‘ಅಲ್‌ಹಮ್ದುಲಿಲ್ಲಾಹ್’ ಎಂದು 33 ಬಾರಿ, ‘ಅಲ್ಲಾಹು ಅಕ್ಬರ್’ ಎಂದು 34 ಬಾರಿ ಸ್ಮರಿಸಲು ಕಲಿಸಿದರು. ದೇವರು ಪರಿಶುದ್ಧನು, ಸ್ತುತಿಯೆಲ್ಲ ಅವನದು, ಅವನು ಮಹತ್ತಿಗೂ ಮಹತ್ತು ಎಂಬುದು ಇವುಗಳ ಭಾವ. ಎಲ್ಲ ಸೇರಿ ನೂರು. ಬುಖಾರಿ ಮತ್ತು ಮುಸ್ಲಿಮ್ ಎಂಬ ಪ್ರಸಿದ್ಧ ಹದೀಸ್ ಸಂಗ್ರಹಗಳೆರಡರಲ್ಲಿಯೂ ಈ ಪ್ರಸಂಗ ಅಲಿಯವರ ಹೇಳಿಕೆಯಾಗಿಯೇ ಬಂದಿದೆ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಬಳಲಿದವಳು ನೆರವು ಕೇಳಿದರೆ ಜಪವನ್ನು ಕೊಡುವುದು ನ್ಯಾಯವೇ? ಉತ್ತರ ಆ ಕಥೆಯಲ್ಲಿಯೇ ಇದೆ. ಮದೀನೆಯ ಮಸೀದಿಯ ಜಗಲಿಯನ್ನೇ ಆಶ್ರಯಿಸಿದ್ದ ಬಡವರು ಹಸಿದಿರುವಾಗ ಸ್ವಂತ ಮಗಳಿಗೆ ಆಳನ್ನು ಕೊಡಲಾರೆ ಎಂದು ಪೈಗಂಬರರು ನುಡಿದುದಾಗಿ ಇನ್ನೊಂದು ನಿರೂಪಣೆ ತಿಳಿಸುತ್ತದೆ. ಆಳುವವನ ಮಗಳೆಂಬ ಸಲಿಗೆಗೆ ಅಲ್ಲಿ ಎಡೆಯಿರಲಿಲ್ಲ. ಅಲ್ಲದೆ ಈ ಸ್ಮರಣೆ ಹೆಣ್ಣಿಗೆ ಮಾತ್ರ ಹೊರಿಸಿದ ಸಮಾಧಾನವೂ ಅಲ್ಲ, ಕಲಿಸಿದ್ದು ಇಬ್ಬರಿಗೂ. ಅಲಿಯವರು ಅದನ್ನು ಎಂದೂ ಬಿಡಲಿಲ್ಲ. ಕ್ರಿ.ಶ. 657ರ ಸಿಫ್ಫೀನ್ ಯುದ್ಧದ ರಾತ್ರಿಯೂ ಬಿಡಲಿಲ್ಲವೇ ಎಂದು ಕೇಳಿದವರಿಗೆ, ಅಂದೂ ಇಲ್ಲವೆಂದರಂತೆ.

ಈ ಮಾತು ನಮಗೆ ದೂರದ್ದಲ್ಲ. ಬಂಟ್ವಾಳ ತಾಲೂಕಿನ ಕಲ್ಲಡ್ಕದ ಸುತ್ತಿನಲ್ಲಿ ಬೀಡಿ ಕಟ್ಟಿ ಸಂಸಾರ ತೂಗಿಸಿದ ತಾಯಂದಿರು ಬ್ಯಾರಿಗಳಲ್ಲಿಯೂ ಇದ್ದಾರೆ, ಬಿಲ್ಲವರಲ್ಲಿಯೂ ಇದ್ದಾರೆ. ಎಲೆ ಕತ್ತರಿಸಿ, ಸುರುಳಿ ಸುತ್ತಿ, ನೂಲು ಬಿಗಿದು, ಕಟ್ಟು ಎಣಿಸಿದ ಬೆರಳುಗಳವು. ಹಗಲೆಲ್ಲ ಕೂಲಿಗಾಗಿ ಎಣಿಸಿದ ಅದೇ ಬೆರಳ ಗೆಣ್ಣುಗಳ ಮೇಲೆ ಇರುಳಲ್ಲಿ ಈ ನೂರನ್ನು ಎಣಿಸಬಹುದು. ಜಪಮಣಿಯೂ ಬೇಕಿಲ್ಲ, ಖರ್ಚೂ ಇಲ್ಲ.

ಗಮನಿಸಬೇಕಾದುದು ಇಷ್ಟು: ಈ ಪ್ರಾರ್ಥನೆಯಲ್ಲಿ ‘ನನ್ನ ಕೆಲಸ ಮಾಡಿಕೊಡು’ ಎಂಬ ಮಾತೇ ಇಲ್ಲ, ಇರುವುದೆಲ್ಲ ಸ್ತುತಿ. ಮರುದಿನವೂ ಬೀಸಬೇಕು, ನೀರು ಸೇದಬೇಕು. ಆದರೆ ದಣಿವಿನ ಲೆಕ್ಕವನ್ನೇ ಹಾಸಿಗೆಗೆ ಒಯ್ಯುವವನಿಗೂ, ಕೃತಜ್ಞತೆಯ ಲೆಕ್ಕದಲ್ಲಿ ಕಣ್ಣು ಮುಚ್ಚುವವನಿಗೂ ಬೆಳಗು ಒಂದೇ ಬಗೆಯಾಗಿ ಹರಿಯುವುದಿಲ್ಲ. ಕಾಯಕವನ್ನು ಕೈಲಾಸವೆಂದು ಬಗೆದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.