ತದ್ರೂಪಿ ಕರುವಿನ ಮೊದಲ ಏಳು ದಿನಗಳು

ಹಿಪ್ಪರಗಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಲಿನ ಕೃಷ್ಣಾತೀರವು ಎರೆಭೂಮಿಯ ಸೀಮೆಯಾಗಿದೆ. ಆ ಅಂಟುಮಣ್ಣನ್ನು ಉಳುವುದಕ್ಕೆ ಸಾಧಾರಣವಾದ ಎತ್ತುಗಳು ಸಾಲವು. ಆದುದರಿಂದಲೇ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಾಂತದ ಸಂಸ್ಥಾನಿಕರು ಗೀರ್, ಓಂಗೋಲು ಮೊದಲಾದ ದನಗಳನ್ನು ಇಲ್ಲಿಯ ದನಗಳೊಡನೆ ಕೂಡಿಸಿ, ‘ಕೃಷ್ಣಾ ಕಣಿವೆ’ ಎಂದು ಹೆಸರಾದ ಬಲಶಾಲಿ ತಳಿಯನ್ನು ಬೆಳೆಯಿಸಿದರು. ಟ್ರ್ಯಾಕ್ಟರು ಬಂದ ತರುವಾಯ ಆ ಎತ್ತುಗಳ ಕೆಲಸವು ತಪ್ಪಿ, ತಳಿಯು ಬಹಳವಾಗಿ ಕ್ಷೀಣಿಸಿದೆ. ಇಂತಿರಲು, ಒಂದು ಉತ್ತಮವಾದ ಆಕಳನ್ನೋ ಹೋರಿಯನ್ನೋ ಕಂಡ ಗೃಹಸ್ಥನ ಮನಸ್ಸಿನಲ್ಲಿ ಒಂದು ಪ್ರಶ್ನೆಯು ಹುಟ್ಟುವುದು ಸಹಜವಷ್ಟೆ: ಇದೇ ಪ್ರಾಣಿಯನ್ನು ಇನ್ನೊಮ್ಮೆ ಪಡೆಯಲಾದೀತೇ? ತದ್ರೂಪಿಗಳನ್ನು ಸೃಷ್ಟಿಸುವ ವಿದ್ಯೆಯು ಬಂದಿದೆಯೆಂದು ಪತ್ರಿಕೆಗಳಲ್ಲಿ ಓದಿದವರಂತೂ ಹೀಗೆ ಕೇಳದೆ ಇರಲಾರರು.

ಈ ವಿದ್ಯೆಯ ಕ್ರಮವನ್ನು ಮೊದಲು ತಿಳಿಯೋಣ. ಯಾವ ಪ್ರಾಣಿಯ ಪ್ರತಿರೂಪವು ಬೇಕೋ ಅದರ ಕಿವಿಯಿಂದಲೋ ಚರ್ಮದ ಬೇರೆ ಕಡೆಯಿಂದಲೋ ಒಂದು ಜೀವಕೋಶವನ್ನು ತೆಗೆಯುತ್ತಾರೆ. ಅದೇ ಜಾತಿಯ ಬೇರೊಂದು ಪ್ರಾಣಿಯ ಅಂಡವನ್ನು ತಂದು, ಅದರೊಳಗಿನ ವಂಶಸೂತ್ರಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಹೊರಗೆ ಹಾಕುತ್ತಾರೆ. ಈ ಅಂಡವು ಒಂದು ಅಂಗುಲದ ಸುಮಾರು ಇನ್ನೂರನೆಯ ಒಂದು ಪಾಲಿನಷ್ಟು ಮಾತ್ರ ಇರುವುದು. ಬಳಿಕ ವಿದ್ಯುತ್ತಿನ ಸಣ್ಣ ಆಘಾತದಿಂದ ಆ ಬರಿದಾದ ಅಂಡವನ್ನೂ ಚರ್ಮದ ಕೋಶವನ್ನೂ ಬೆಸೆದು, ರಾಸಾಯನಿಕ ದ್ರವ್ಯಗಳಿಂದ ಅದನ್ನು ಎಚ್ಚರಿಸುತ್ತಾರೆ. ಇಲ್ಲಿ ತಂದೆಯ ಬೀಜದ ಪ್ರಸಂಗವೇ ಇಲ್ಲ.

ಇನ್ನು ಕಷ್ಟವೆಲ್ಲಿದೆ ಎಂಬುದನ್ನು ನೋಡೋಣ. ನಮ್ಮ ಶರೀರದ ಹೆಚ್ಚುಕಡಮೆ ಎಲ್ಲ ಕೋಶಗಳಲ್ಲಿಯೂ ಒಂದೇ ವಂಶಸೂತ್ರವಿರುತ್ತದೆ. ಅದನ್ನು ಹಳೆಯ ವಾಡೆಯ ದಫ್ತರಕ್ಕೆ ಹೋಲಿಸಬಹುದು. ಚರ್ಮದ ಕೋಶವು ತನಗೆ ಬೇಕಾದ ಕಟ್ಟುಗಳನ್ನು ಮಾತ್ರ ಬಿಚ್ಚಿಟ್ಟುಕೊಂಡು, ಉಳಿದವುಗಳನ್ನು ದಾರದಿಂದ ಬಿಗಿದು ಮುದ್ರೆಯೊತ್ತಿ ಇಟ್ಟಿರುತ್ತದೆ. ಅದು ಮತ್ತೆ ಇಡಿಯ ಕರುವಾಗಬೇಕಾದರೆ ಈ ಮುದ್ರೆಗಳೆಲ್ಲ ಒಡೆಯಬೇಕು. ಚರ್ಮದ ಕಸಬನ್ನು ಅದು ಮರೆಯಬೇಕು. ಸಹಜವಾದ ಗರ್ಭದಲ್ಲಿ ಅಂಡವೂ ಬೀಜವೂ ಇದಕ್ಕೆ ಮೊದಲೇ ಅಣಿಯಾಗಿ ಬಂದಿರುತ್ತವೆ. ತದ್ರೂಪಿಯಲ್ಲಿಯಾದರೋ ಈ ಕೆಲಸವೆಲ್ಲವೂ ಕೆಲವೇ ದಿನಗಳಲ್ಲಿ ಮುಗಿಯಬೇಕು.

ಮೊದಲು ಒಂದೆರಡು ದಿನ ಯಾವ ಆತಂಕವೂ ಕಾಣದು. ಒಂದು ಕೋಶವು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಏಕೆಂದರೆ ಮಗಳು ಹೊರಟಾಗ ತಾಯಿಯು ಬುತ್ತಿ ಕಟ್ಟಿಕೊಡುವಂತೆ, ಅಂಡವು ಬೇಕಾದ ಸಾಮಗ್ರಿಯನ್ನೂ ಆಜ್ಞೆಗಳನ್ನೂ ಮುಂಚೆಯೇ ತುಂಬಿಕೊಂಡಿರುತ್ತದೆ. ಬುತ್ತಿ ತೀರಿದ ಮೇಲೆ ಮಾತ್ರ ಭ್ರೂಣವು ತನ್ನ ಒಲೆಯನ್ನು ತಾನೇ ಹೂಡಬೇಕು. ಇಲಿಯಲ್ಲಿ ಈ ಗಳಿಗೆಯು ಎರಡು ಕೋಶಗಳ ಅವಸ್ಥೆಯಲ್ಲಿಯೇ ಬರುತ್ತದೆ. ಮನುಷ್ಯರಲ್ಲಿ ನಾಲ್ಕರಿಂದ ಎಂಟು ಕೋಶಗಳಾದಾಗ. ಆಕಳಲ್ಲಿ ಎಂಟರಿಂದ ಹದಿನಾರು ಕೋಶಗಳಾದಾಗ. ಹಳೆಯ ಮುದ್ರೆಗಳು ಒಡೆಯದಿದ್ದ ಪಕ್ಷದಲ್ಲಿ ತೆರೆಯಬೇಕಾದ ಕಟ್ಟು ತೆರೆಯುವುದಿಲ್ಲ, ಒಲೆಯು ಹೊತ್ತುವುದಿಲ್ಲ. ಬಹಳಷ್ಟು ತದ್ರೂಪಿ ಭ್ರೂಣಗಳು ಇಲ್ಲಿಯೇ ನಿಂತುಬಿಡುತ್ತವೆ.

ಈ ಗಂಡಾಂತರವನ್ನು ದಾಟಿದವು ಏಳೆಂಟು ದಿನಗಳಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಯಂತಾಗುತ್ತವೆ. ಆಗ ಕೋಶಗಳಲ್ಲಿ ಮೊದಲನೆಯ ಕೆಲಸದ ಹಂಚಿಕೆಯು ನಡೆಯುತ್ತದೆ: ಒಳಗಿನ ಗುಂಪು ಕರುವಾಗತಕ್ಕದ್ದು, ಹೊರಗಿನ ಪದರವು ಮಾಸಿಗೆ ಮೂಲವಾಗತಕ್ಕದ್ದು. ಗುಳ್ಳೆಯನ್ನು ಸಾಕುತಾಯಿಯ ಗರ್ಭದಲ್ಲಿಟ್ಟ ಮೇಲೆಯೂ ನಿಶ್ಚಿಂತೆಯಿಲ್ಲ. ಅಳಿಸದೆ ಉಳಿದ ಗುರುತುಗಳು ವಿಶೇಷವಾಗಿ ಮಾಸಿನ ಬೆಳವಣಿಗೆಯನ್ನು ಕೆಡಿಸುವುದುಂಟು. ಅದರಿಂದ ಗರ್ಭವು ಇಳಿಯಬಹುದು. ಇಲ್ಲವೆ ಕರುವು ಮಿತಿಮೀರಿ ದೊಡ್ಡದಾಗಿ ಹುಟ್ಟಿ ಬೇಗನೆ ಸಾಯಬಹುದು. ತಿಂಗಳುಗಳ ಬಳಿಕ ಕಾಣುವ ವಿಪತ್ತಿನ ಬೀಜವು ಮೊದಲ ವಾರದಲ್ಲಿಯೇ ಬಿದ್ದಿರುತ್ತದೆಂಬುದು ಇದರ ತಾತ್ಪರ್ಯ.

ಲೆಕ್ಕವನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಹುಟ್ಟಿದ ಡಾಲಿ ಎಂಬ ಕುರಿಮರಿಗಾಗಿ 277 ಅಂಡಗಳನ್ನು ಬೆಸೆದಿದ್ದರು. ಗರ್ಭದಲ್ಲಿಡಲು ತಕ್ಕ ಭ್ರೂಣಗಳಾದವು 29, ಹುಟ್ಟಿದ್ದು ಒಂದು. ನಮ್ಮ ದೇಶದಲ್ಲಿ ಈ ಕಾರ್ಯವನ್ನು ನಡೆಸಿದ ಕರ್ನಾಲಿನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯು 1923ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿತವಾದದ್ದು. 1927ರಲ್ಲಿ ಮಹಾತ್ಮಾ ಗಾಂಧಿಯವರು ಗೋಪಾಲನೆಯ ಕ್ರಮವನ್ನು ಕಲಿಯಲು ಅಲ್ಲಿಗೆ ಬಂದಿದ್ದರು. 1955ರಲ್ಲಿ ಅದರ ಮುಖ್ಯ ಕಚೇರಿಯು ಕರ್ನಾಲಿಗೆ ಹೋಯಿತು. ಅಲ್ಲಿಯ ವಿದ್ವಾಂಸರು ಬೆಲೆಬಾಳುವ ಯಂತ್ರಗಳಿಲ್ಲದೆ, ಕೈಯಲ್ಲಿ ಹಿಡಿದ ಸಣ್ಣ ಅಲಗಿನಿಂದಲೇ ಅಂಡವನ್ನು ಕೊಯ್ಯುವ ಸುಲಭ ವಿಧಾನದಿಂದ 2009ರ ಫೆಬ್ರುವರಿ 6ರಂದು ಎಮ್ಮೆಯ ತದ್ರೂಪಿ ಕರುವನ್ನು ಪಡೆದರು. ಅದು ಒಂದು ವಾರವೂ ಬದುಕಲಿಲ್ಲ. ಅದೇ ವರುಷ ಜೂನಿನಲ್ಲಿ ಹುಟ್ಟಿದ ಗರಿಮಾ ಎರಡು ವರುಷ ಬಾಳಿತು. 2010ರ ಆಗಸ್ಟಿನಲ್ಲಿ ಹುಟ್ಟಿದ ಎರಡನೆಯ ಗರಿಮಾ ಬೆಳೆದು, 2013ರ ಜನವರಿಯಲ್ಲಿ ಮಹಿಮಾ ಎಂಬ ಕರುವನ್ನು ತಾನೇ ಈಯಿತು. 2023ರ ಮಾರ್ಚಿನಲ್ಲಿ ಗೀರ್ ಆಕಳಿನ ತದ್ರೂಪಿಯಾದ ಗಂಗಾ ಹುಟ್ಟಿತು.

ಮುದ್ರೆಗಳನ್ನು ಒಡೆಯುವ ಉಪಾಯಗಳೂ ಹೊರಟಿವೆ. ಇಲಿಯ ಭ್ರೂಣಗಳಲ್ಲಿ ತಡೆಯೊಡ್ಡುವ ಒಂದು ಬಗೆಯ ಗುರುತನ್ನು 2014ರಲ್ಲಿ ವಿಜ್ಞಾನಿಗಳು ಪತ್ತೆಹಚ್ಚಿ, ಅದನ್ನು ಅಳಿಸುವ ಕಿಣ್ವವನ್ನು ಬಳಸಿದಾಗ ಹೆಚ್ಚು ಭ್ರೂಣಗಳು ಮುಂದುವರಿದವು. ಅದೇ ಜಾಡಿನಲ್ಲಿ ಚೀನದವರು 2017ರ ಕೊನೆಗೆ ಎರಡು ಕೋತಿಮರಿಗಳನ್ನು ಪಡೆದರು. ಆದರೂ ಈ ವಿದ್ಯೆಯಲ್ಲಿ ಸೋಲೇ ಹೆಚ್ಚು, ಗೆಲುವು ವಿರಳ.

ಹಾಗಾದರೆ ನಮ್ಮ ಕೃಷ್ಣಾತೀರದ ತಳಿಗೆ ಇದರಿಂದ ಉದ್ಧಾರವುಂಟೇ? ಒಂದು ಅಪೂರ್ವವಾದ ಹೋರಿಯ ಗುಣವನ್ನು ಉಳಿಸಿಕೊಳ್ಳಲು ಇದು ಒಂದು ದಿನ ನೆರವಾಗಬಹುದು. ಆದರೆ ಎರಡು ಮಾತುಗಳನ್ನು ಮರೆಯಲಾಗದು. ತದ್ರೂಪಿಯು ಸತ್ತ ಪ್ರಾಣಿಯ ಪುನರ್ಜನ್ಮವಲ್ಲ. ಅದು ಬೇರೊಂದು ಗರ್ಭದಲ್ಲಿ ಬೆಳೆದು, ಬೇರೆ ಹುಲ್ಲು ತಿಂದು, ಬೇರೆ ಕೈಯ ಆರೈಕೆಯಲ್ಲಿ ದೊಡ್ಡದಾಗುವ ಹೊಸ ಪ್ರಾಣಿ. ಎರಡನೆಯದಾಗಿ, ಒಂದೇ ಪ್ರಾಣಿಯ ನೂರು ಪ್ರತಿಗಳಿಂದ ತಳಿಯಾಗದು. ಒಂದನ್ನು ಹಿಡಿದ ರೋಗವು ನೂರನ್ನೂ ಹಿಡಿದೀತು. ತಳಿಯ ಬಲವಿರುವುದು ಹಲವು ಮನೆಗಳ ಹಲವು ದನಗಳ ಭಿನ್ನತೆಯಲ್ಲಿ. ಆ ಸಂಪತ್ತು ಒಮ್ಮೆ ಕಳೆದುಹೋದರೆ ಯಾವ ಪ್ರಯೋಗಶಾಲೆಯೂ ಅದನ್ನು ಹಿಂದಕ್ಕೆ ತರಲಾರದು. ಆದಕಾರಣ ಕೊಟ್ಟಿಗೆಯಲ್ಲಿ ಈ ತಳಿಯ ಆಕಳನ್ನು ಇನ್ನೂ ಕಟ್ಟಿಕೊಂಡಿರುವ ಗೃಹಸ್ಥರು, ಅದೇ ತಳಿಯ ಹೋರಿಯಿಂದಲೇ ಅದಕ್ಕೆ ಗರ್ಭ ಕಟ್ಟಿಸಿ ಸಂತತಿಯನ್ನು ಉಳಿಸಿಕೊಳ್ಳುವುದೇ ಎಲ್ಲಕ್ಕೂ ಮೇಲಾದ ಉಪಾಯ.