ಸಿಂಕಿನ ಸೋರಿಕೆ: ಮೆತ್ತಿದರೆ ನಿಲ್ಲದು, ಒತ್ತಿದರೆ ನಿಂತೀತು

ಅಡುಗೆಮನೆಯ ಸಿಂಕಿನ ಕೆಳಗೆ ತೊಟ್ಟಿಕ್ಕುವ ನೀರಿಗೆ ನಮ್ಮಲ್ಲಿ ಎರಡು ಮದ್ದುಗಳು ಚಾಲ್ತಿಯಲ್ಲಿವೆ: ಎಂ-ಸೀಲ್ ಮತ್ತು ಟೆಫ್ಲಾನ್ ಟೇಪು. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಇವೆರಡೂ ಸಿಗದ ಹಾರ್ಡ್‌ವೇರ್ ಅಂಗಡಿಯನ್ನು ಹುಡುಕುವುದೇ ಕಷ್ಟ. ಸೋರುವ ಕಡೆ ಒಂದಿಷ್ಟು ಮೆತ್ತಿ, ಒಂದಿಷ್ಟು ಸುತ್ತಿ, ಕೆಳಗೊಂದು ಬಕೆಟ್ ಇಟ್ಟರೆ ಕೆಲಸ ಮುಗಿಯಿತು ಎಂಬುದು ರೂಢಿ. ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಹನಿ ಕಾಣಿಸಿದರೆ ಬೈಗುಳ ಬೀಳುವುದು ಅಂಟಿಗೆ. ಪಾಪ, ಅಂಟು ಮಾಡಬೇಕಾದ ಕೆಲಸವೇ ಅದಲ್ಲ. ಸಿಂಕಿನ ಕೊಳವೆಯ ಜೋಡಣೆಗಳಲ್ಲಿ ನೀರನ್ನು ತಡೆಯುವುದು ಎರಡು ನಯವಾದ ಮೈಗಳ ನಡುವೆ ಬಿಗಿಯಾಗಿ ಒತ್ತಿ ಕೂತ ರಬ್ಬರ್ ವಾಷರ್. ಆ ಒತ್ತು ಸಡಿಲವಾದಾಗ ನೀರು ಸೋರುತ್ತದೆ. ಒತ್ತು ಮರಳಿದರೆ ಸೋರಿಕೆ ನಿಲ್ಲುತ್ತದೆ.

ಇದನ್ನು ನಂಬಲು ನೀರಿನ ಒತ್ತಡದ ಲೆಕ್ಕ ನೋಡಬೇಕು. ಸಿಂಕಿನಲ್ಲಿ 20 ಸೆಂಟಿಮೀಟರ್ ನೀರು ನಿಂತಿದೆಯೆನ್ನಿ. ಅದು ತಳದಲ್ಲಿ ಸಿಂಕನ್ನು ಕೊಳವೆಗೆ ಜೋಡಿಸುವ ವೇಸ್ಟ್ ಕಪ್ಲಿಂಗ್ ಮೇಲೆ ಹೇರುವ ಒತ್ತಡ ವಾತಾವರಣದ ಒತ್ತಡದ ಐವತ್ತರಲ್ಲಿ ಒಂದು ಪಾಲು ಮಾತ್ರ. ಹೋಲಿಕೆಗೆ, ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ವಿಶ್ವೇಶ್ವರಯ್ಯ ನಾಲೆಯ ಮೂಲಕ ನೀರು ಕೊಡುವ ಕೃಷ್ಣರಾಜಸಾಗರ ಅಣೆಕಟ್ಟಿನತ್ತ ನೋಡಿ. ಅಲ್ಲಿನ ಗರಿಷ್ಠ ಮಟ್ಟ 124.80 ಅಡಿ. ಅಣೆಕಟ್ಟು ತುಂಬಿದಾಗ 80 ಅಡಿ ಮಟ್ಟದ ತೂಬಿನ ಗೇಟಿನ ಮೇಲೆ ಸುಮಾರು 45 ಅಡಿ ನೀರು ನಿಂತಿರುತ್ತದೆ. ಅಂದರೆ ಸಿಂಕಿನ ಅರವತ್ತು ಪಟ್ಟಿಗೂ ಮೀರಿದ ಒತ್ತಡ. ಅಷ್ಟು ಒತ್ತಡದ ಎದುರೂ ಅಣೆಕಟ್ಟಿನ ಗೇಟಿಗೆ ಯಾರೂ ಅಂಟು ಮೆತ್ತುವುದಿಲ್ಲ. ಈಗಿನ ಉಕ್ಕಿನ ಗೇಟುಗಳ ಅಂಚಿಗೆ ರಬ್ಬರ್ ಸೀಲು ಕೂರಿಸುತ್ತಾರೆ. ಜಲಾಶಯದ ನೀರೇ ಆ ರಬ್ಬರನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ನೀರು ಹೆಚ್ಚಿದಷ್ಟೂ ಹಿಡಿತ ಬಿಗಿ. ಸಿಂಕಿನ ನೀರಿಗೆ ಅಂಥ ತಾಕತ್ತಿಲ್ಲ. ಆದ್ದರಿಂದ ರಬ್ಬರನ್ನು ಒತ್ತುವ ಹೊಣೆ ಪೂರ್ತಿಯಾಗಿ ಜೋಡಣೆಯನ್ನು ಬಿಗಿಯುವ ಚೆಕ್‌ನಟ್ಟಿನದು. ನಟ್ಟು ಸಡಿಲವಾದರೆ ಎಷ್ಟೇ ಕಡಿಮೆ ಒತ್ತಡದ ನೀರೂ ದಾರಿ ಮಾಡಿಕೊಳ್ಳುತ್ತದೆ.

ಒಮ್ಮೆ ಬಿಗಿದ ನಟ್ಟು ಯಾಕೆ ಸಡಿಲವಾಗುತ್ತದೆ? ಮೊದಲ ಕಾರಣ ಬಿಸಿ. ಸಮುದ್ರಮಟ್ಟಕ್ಕಿಂತ ಆರುನೂರು ಮೀಟರಿಗೂ ಎತ್ತರದಲ್ಲಿರುವ ಮಂಡ್ಯದ ಕಡೆ ನೀರು ಕುದಿಯುವುದು ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಸ್ಸಾರಿನ ಕಟ್ಟನ್ನು ಇಲ್ಲಿ ಯಾರೂ ಚೆಲ್ಲುವುದಿಲ್ಲ. ಆದರೆ ಅನ್ನ ಬಸಿದ ಗಂಜಿ, ಪಾತ್ರೆ ತೊಳೆಯಲು ಕಾಯಿಸಿದ ನೀರು ಎಷ್ಟೋ ಮನೆಗಳಲ್ಲಿ ನೇರ ಸಿಂಕಿಗೇ ಹೋಗುತ್ತವೆ. ಪಿವಿಸಿ ಕೊಳವೆಗೆ ಹೇಳಿದ ಮಿತಿ 60 ಡಿಗ್ರಿಯ ಆಸುಪಾಸು. 80 ಡಿಗ್ರಿಯ ಹೊತ್ತಿಗೆ ಅದು ಮೆತ್ತಗಾಗುತ್ತದೆ. ಜೊತೆಗೆ ಬಿಸಿಗೆ ಪಿವಿಸಿ ಹಿಗ್ಗುವುದು ಸ್ಟೀಲಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಸ್ಟೀಲಿನ ಸಿಂಕು ಸ್ವಲ್ಪ, ಪ್ಲಾಸ್ಟಿಕ್ಕಿನ ಕೊಳವೆ ಬಹಳ ಹಿಗ್ಗಿ ಕುಗ್ಗುವ ಈ ಎಳೆದಾಟ ದಿನಕ್ಕೆ ಹಲವು ಬಾರಿ ನಡೆದರೆ ನಟ್ಟಿನ ಬಿಗಿ ಉಳಿಯುವುದು ಹೇಗೆ? ಎರಡನೆಯ ಕಾರಣ ರಬ್ಬರಿನ ವಯಸ್ಸು. ವರ್ಷಗಟ್ಟಲೆ ಒತ್ತಿಟ್ಟ ರಬ್ಬರು ಚಪ್ಪಟೆಯಾಗಿಯೇ ನಿಂತುಬಿಡುತ್ತದೆ, ಪುಟಿದೇಳುವ ಗುಣ ಕಳೆದುಕೊಳ್ಳುತ್ತದೆ. ಬಿಸಿ ಮತ್ತು ಎಣ್ಣೆ ಜಿಡ್ಡು ಈ ಮುಪ್ಪನ್ನು ಬೇಗ ತರುತ್ತವೆ. ಮೂರನೆಯದು ನೀರಿನ ಗಡಸುತನ. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಸುಣ್ಣದ ಬಿಳಿ ಪದರ ಜೋಡಣೆಯ ಅಂಚಿಗೆ ಕಟ್ಟುತ್ತದೆ. ನಯವಾಗಿರಬೇಕಾದ ಮೈ ಒರಟಾದರೆ ಹೊಸ ವಾಷರೂ ಅದರ ಮೇಲೆ ಸರಿಯಾಗಿ ಕೂರದು.

ಈಗ ಎಂ-ಸೀಲ್ ಬಗೆಯ ಎಪಾಕ್ಸಿ ಪುಟ್ಟಿ ಯಾಕೆ ಸೋಲುತ್ತದೆಂಬುದು ತಿಳಿಯಾಗುತ್ತದೆ. ಎರಡು ಉಂಡೆಗಳನ್ನು ನಾದಿದಾಗ ರಾಸಾಯನಿಕ ಕ್ರಿಯೆ ನಡೆದು ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಕದಲದ ಕಬ್ಬಿಣದ ಪೈಪಿಗೆ ಅದು ಸರಿ. ಹಿಗ್ಗಿ ಕುಗ್ಗುವ ಪ್ಲಾಸ್ಟಿಕ್ಕಿನ ಮೇಲೆ ಗಟ್ಟಿ ಪದರ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ನೀರಿಗೆ ದಾರಿಯಾಯಿತು. ಅಲ್ಲದೆ ಜಿಡ್ಡು, ತೇವ ಇರುವ ಮೈಗೆ ಅದು ಹಿಡಿಯುವುದಿಲ್ಲ. ಸಿಂಕಿನ ಕೆಳಗೆ ಕೂರಿಸುವ ಬಾಟಲ್ ಟ್ರ್ಯಾಪ್‌ಗಳಿಗೆ ಹೆಚ್ಚಾಗಿ ಬಳಸುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿಗಂತೂ ಬಹುತೇಕ ಅಂಟುಗಳು ಸರಿಯಾಗಿ ಕಚ್ಚುವುದೇ ಇಲ್ಲ. ಟೆಫ್ಲಾನ್ ಟೇಪಿನ ಕಥೆ ಬೇರೆ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಈ ವಸ್ತುವಿನ ದೊಡ್ಡ ಗುಣವೇ ಜಾರುವಿಕೆ. ತುದಿಗೆ ಹೋದಂತೆ ಕಿರಿದಾಗುವ ಕೊಳಾಯಿ ಥ್ರೆಡ್ಡುಗಳಲ್ಲಿ ಥ್ರೆಡ್ಡೇ ನೀರು ತಡೆಯಬೇಕು; ಅಲ್ಲಿ ಟೇಪು ಜಾರಿಕೆ ಕೊಟ್ಟು, ಸಂದು ತುಂಬಿ ನೆರವಾಗುತ್ತದೆ. ಸಿಂಕಿನ ವೇಸ್ಟ್ ಪೈಪಿನ ನಟ್ಟಿನಲ್ಲಿ ಥ್ರೆಡ್ಡಿನ ಕೆಲಸ ವಾಷರನ್ನು ಒತ್ತುವುದಷ್ಟೆ. ಅಲ್ಲಿ ಎಷ್ಟು ಸುತ್ತು ಟೇಪು ಸುತ್ತಿದರೂ ನೀರು ನಿಲ್ಲುವುದಿಲ್ಲ.

ಹಾಗಾದರೆ ಸರಿಯಾದ ರಿಪೇರಿ ಯಾವುದು? ಮೊದಲು ಸೋರುವ ಜಾಗವನ್ನು ಖಚಿತ ಮಾಡಿಕೊಳ್ಳಬೇಕು. ನೀರು ಕೊಳವೆಯ ಮೈಗೆ ಅಂಟಿಕೊಂಡು ಇಳಿಯುವುದರಿಂದ ಹನಿ ಬೀಳುವ ಜಾಗ ಒಂದು, ಸೋರುವ ಜಾಗ ಇನ್ನೊಂದು. ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಪ್ರತಿ ಜೋಡಣೆಗೂ ಕಾಗದದ ಕರವಸ್ತ್ರ ಸುತ್ತಿ, ಸಿಂಕಿನ ಬಾಯಿ ಮುಚ್ಚಿ ನೀರು ತುಂಬಿಸಿ. ನೀರು ನಿಂತಿದ್ದಾಗಲೇ ಕಾಗದ ನೆನೆದರೆ ದೋಷ ಕಪ್ಲಿಂಗಿನಲ್ಲಿ. ಬಾಯಿ ತೆರೆದ ಮೇಲೆ ನೆನೆದರೆ ಕೆಳಗಿನ ಪೈಪಿನಲ್ಲಿ. ನೆನೆದ ಕಾಗದಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೇ ಸೋರಿಕೆಯ ಮೂಲ. ಅಲ್ಲಿನ ನಟ್ಟು ಬಿಚ್ಚಿ, ಹಳೆಯ ಅಂಟು ಕೆರೆದು, ಸುಣ್ಣದ ಪದರವಿದ್ದರೆ ವಿನಿಗರ್ ಅಥವಾ ನಿಂಬೆರಸದಿಂದ ಕರಗಿಸಿ, ಅದೇ ಅಳತೆಯ ಹೊಸ ವಾಷರು ಹಾಕಿ ನಟ್ಟು ಕೂರಿಸಬೇಕು. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಬಿಗಿದು, ಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕು. ಇದೇ ಸಮಯದಲ್ಲಿ ಪೈಪಿನ ಬಾಗನ್ನು ತೆಗೆದು ನೇರ ಮಾಡುವ ತಪ್ಪು ಮಾಡಬಾರದು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಶೌಚಾಲಯಕ್ಕೆ ಪೇಟೆಂಟ್ ಪಡೆದ ಬಾಗಿನ ತತ್ವವೇ ಇಲ್ಲೂ ಇದೆ: ಅದರಲ್ಲಿ ನಿಂತ ಒಂದಿಷ್ಟು ನೀರು ಚರಂಡಿಯ ದುರ್ವಾಸನೆ ಮನೆಯೊಳಗೆ ಬಾರದಂತೆ ತಡೆಯುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಎಂ-ಸೀಲ್ ಹಾಕಿ ವರ್ಷಗಟ್ಟಲೆ ಸೋರದ ಪೈಪುಗಳೂ ಇವೆ ಎನ್ನಬಹುದು. ನಿಜ, ಪೈಪೇ ಸೀಳಿದ್ದು, ಅದು ಕದಲದಿದ್ದರೆ ಪುಟ್ಟಿ ಬಾಳುತ್ತದೆ. ಆದರೆ ನಟ್ಟಿನ ಮೇಲೆ ಮೆತ್ತಿದರೆ ಮುಂದೆ ಅದನ್ನು ಬಿಚ್ಚುವ ದಾರಿಯೇ ಮುಚ್ಚುತ್ತದೆ. ಒತ್ತುವುದೇ ಮುಖ್ಯವಾದರೆ ಸ್ಪ್ಯಾನರ್ ಹಾಕಿ ಇನ್ನೂ ಬಿಗಿಯಬಾರದೇಕೆ ಎಂದೂ ಕೇಳಬಹುದು. ರಬ್ಬರು ಆಕಾರ ಬದಲಿಸುತ್ತದೆಯೇ ಹೊರತು ಗಾತ್ರದಲ್ಲಿ ಹೆಚ್ಚೇನೂ ಕುಗ್ಗದು. ಅತಿಯಾಗಿ ಒತ್ತಿದರೆ ಪಕ್ಕಕ್ಕೆ ಜಾರಿ ಹೊರಬರುತ್ತದೆ, ನಟ್ಟು ಸೀಳುತ್ತದೆ. ಹೇಗೂ ಚೆಲ್ಲುವ ನೀರು, ಸೋರಿದರೇನು ಎಂಬುದು ಮೂರನೆಯ ವಾದ. ನಷ್ಟ ನೀರಿನದಲ್ಲ, ಕೆಳಗಿನ ಕಪಾಟಿನ ಪ್ಲೈವುಡ್ಡಿನದು. ಅದು ಉಬ್ಬಿ ಪದರ ಬಿಡುತ್ತದೆ, ತೇವಕ್ಕೆ ಜಿರಳೆ ಬರುತ್ತದೆ, ಖಾಲಿ ಮಾಡದ ಬಕೆಟ್ಟಿನಲ್ಲಿ ಸೊಳ್ಳೆ ಮರಿ ಮಾಡುತ್ತದೆ. ಅಡುಗೆಕೋಣೆಯಿರುವ ಕಡಲ ದೋಣಿಗಳಲ್ಲಂತೂ ಸಿಂಕಿನ ಸೋರಿಕೆ ಜೀವದ ಪ್ರಶ್ನೆ. ಅಡುಗೆಕೋಣೆಯ ಸಿಂಕಿನ ಕೊಳವೆ ದೋಣಿಯ ಮೈಯನ್ನೇ ತೂರಿ ಹೊರಹೋಗುವುದರಿಂದ, ಜೋಡಣೆ ಕೈಕೊಟ್ಟರೆ ಹೊರಗಿನ ಸಮುದ್ರ ಒಳನುಗ್ಗಬಹುದು. ಹಾಗಾಗಿ ದೋಣಿ ಕಟ್ಟುವವರು ತೂತಿನ ಬಾಯಿಗೆ ವಾಲ್ವ್ ಇಡುತ್ತಾರೆ, ಕೊಳವೆಗೆ ಎರಡೆರಡು ಕ್ಲಾಂಪ್ ಹಾಕುತ್ತಾರೆ. ಅಲ್ಲಿಯೂ ನಂಬಿಕೆ ಒತ್ತಿ ಹಿಡಿಯುವುದರ ಮೇಲೆಯೇ, ಅಂಟೊಂದರ ಮೇಲಲ್ಲ.

ಮುಂದಿನ ಸಲ ಸಿಂಕಿನ ಕೆಳಗೆ ಹನಿ ಕಂಡರೆ ಅಂಗಡಿಗೆ ಹಳೆಯ ವಾಷರನ್ನೇ ಹಿಡಿದು ಹೋಗಿ, ಅದೇ ಅಳತೆಯದನ್ನು ಕೇಳಿ ತನ್ನಿ. ಗಂಜಿಯನ್ನೂ ಕುದಿನೀರನ್ನೂ ಸಿಂಕಿಗೆ ಸುರಿಯುವ ಮುನ್ನ ಆರಲು ಬಿಡಿ, ಇಲ್ಲವೇ ನಲ್ಲಿ ತಿರುಗಿಸಿ ತಣ್ಣೀರು ಬೆರೆಸಿ. ಇವೆರಡನ್ನು ಪಾಲಿಸಿದರೆ ಪುಟ್ಟಿ, ಟೇಪುಗಳ ಖರ್ಚೂ ಉಳಿಯುತ್ತದೆ, ಜೋಡಣೆಯೂ ಹೆಚ್ಚು ಕಾಲ ಬಾಳುತ್ತದೆ.