ದಿನ ತುಂಬದ ಉಸಿರಿಗೆ ಒಂದು ಚುಚ್ಚುಮದ್ದು

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಮೊದಲು ಎದುರಾಗುವ ಕಷ್ಟ ಉಸಿರಿನದು. ಗರ್ಭದಲ್ಲಿರುವಷ್ಟು ಕಾಲ ಆಮ್ಲಜನಕ ಹೊಕ್ಕುಳಬಳ್ಳಿಯ ದಾರಿಯಲ್ಲಿ ಬರುತ್ತದೆ. ಶ್ವಾಸಕೋಶದೊಳಗೆ ಗಾಳಿಯ ಬದಲು ದ್ರವ ತುಂಬಿರುತ್ತದೆ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಅಲ್ಲಿನ ಪುಟ್ಟ ಗಾಳಿಗೂಡುಗಳು ಅರಳಬೇಕು, ಅರಳಿದ್ದು ಮತ್ತೆ ಮುದುಡದೆ ನಿಲ್ಲಬೇಕು. ಹಾಗೆ ನಿಲ್ಲಿಸುವುದು ಗೂಡುಗಳ ಒಳಮೈಗೆ ಸವರಿದಂತಿರುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಪದಾರ್ಥ. ಅದು ಸಾಕಷ್ಟು ತಯಾರಾಗುವುದು ಸುಮಾರು 34 ವಾರಗಳ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದ ಎಷ್ಟೋ ಮಕ್ಕಳು ಪ್ರತಿ ಉಸಿರಿಗೂ ಹೋರಾಡುತ್ತವೆ. ಎದೆಗೂಡು ಒಳಕ್ಕೆ ಸೆಳೆದುಕೊಳ್ಳುತ್ತದೆ, ನರಳಿಕೆ ಕೇಳಿಸುತ್ತದೆ, ಮೈ ನೀಲಿಗಟ್ಟುತ್ತದೆ.

ಈ ಕಾಯಿಲೆಯ ಮೂಲ ಸರ್ಫ್ಯಾಕ್ಟಂಟ್ ಕೊರತೆ ಎಂದು ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜಿಯರ್ ಮೀಡ್ 1959ರಲ್ಲಿ ತೋರಿಸಿಕೊಟ್ಟರು. ಕಾರಣ ತಿಳಿದರೂ ಮದ್ದು ಇರಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಐದಾರು ವಾರ ಮೊದಲೇ ಹುಟ್ಟಿ, ಎರಡು ದಿನ ತುಂಬುವ ಮೊದಲೇ ಇದೇ ಕಾಯಿಲೆಯಿಂದ ತೀರಿಕೊಂಡ. ಆ ಕಾಲದ ಅತ್ಯುತ್ತಮ ಆಸ್ಪತ್ರೆಗಳಿಗೂ ಎರಡು ಕಿಲೋ ತೂಕದ ಆ ಮಗುವನ್ನು ಉಳಿಸಿಕೊಳ್ಳಲಾಗಲಿಲ್ಲ.

ಮದ್ದು ಸಿಕ್ಕಿದ್ದು ನ್ಯೂಜಿಲೆಂಡ್‌ನ ಕುರಿಗಳಲ್ಲಿ, ಅದೂ ಬೇರೇನನ್ನೋ ಹುಡುಕುತ್ತಿದ್ದಾಗ. ಆಕ್ಲೆಂಡ್‌ನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯ ಪ್ರಸೂತಿ ತಜ್ಞ ಗ್ರಹಾಂ ಲಿಗಿನ್ಸ್ ಅವರ ಪ್ರಶ್ನೆ ಇದ್ದದ್ದು ಶ್ವಾಸಕೋಶದ ಬಗ್ಗೆ ಅಲ್ಲ. ಹೆರಿಗೆ ನೋವನ್ನು ಶುರು ಮಾಡುವವರು ಯಾರು, ತಾಯಿಯೋ ಮಗುವೋ ಎಂಬುದು ಅವರಿಗೆ ಬೇಕಿತ್ತು. ಭ್ರೂಣದ ಪಿಟ್ಯುಟರಿ ಗ್ರಂಥಿಯನ್ನು ನಾಶಪಡಿಸಿದರೆ ಕುರಿಯ ಗರ್ಭ ಅವಧಿ ಮೀರಿ ಮುಂದುವರಿಯುತ್ತಿತ್ತು. ಭ್ರೂಣಕ್ಕೆ ಕಾರ್ಟಿಸಾಲ್ ಬಗೆಯ ಸ್ಟೆರಾಯ್ಡ್ ಕೊಟ್ಟರೆ ಅವಧಿಗೆ ಮೊದಲೇ ಹೆರಿಗೆಯಾಗುತ್ತಿತ್ತು. ಅಂದರೆ ಕುರಿಯಲ್ಲಿ ಹೆರಿಗೆಯ ಗಂಟೆ ಬಾರಿಸುವುದು ಮರಿಯೇ. ಇಷ್ಟೇ ಆಗಿದ್ದರೂ ಅದು ದೊಡ್ಡ ಶೋಧ. ಆದರೆ ಹಾಗೆ ಮೊದಲೇ ಹುಟ್ಟಿದ ಒಂದು ಮರಿಯ ಮೇಲೆ ಅವರ ಕಣ್ಣು ನಿಂತಿತು. ಕುರಿಯ ಗರ್ಭಾವಧಿ 147 ದಿನಗಳ ಆಸುಪಾಸು. ಈ ಮರಿ ಹುಟ್ಟಿದ್ದು 117ನೇ ದಿನಕ್ಕೆ. ಲೆಕ್ಕದ ಪ್ರಕಾರ ಅದು ಸತ್ತಿರಬೇಕಿತ್ತು. ಅದು ಉಸಿರಾಡುತ್ತಿತ್ತು. ಆಮೇಲೆ ಕೊಯ್ದು ನೋಡಿದರೆ, ಆ ವಯಸ್ಸಿಗೆ ಗಾಳಿಯೇ ಹೊಗಬಾರದಿದ್ದ ಶ್ವಾಸಕೋಶ ಒಂದಿಷ್ಟು ಅರಳಿತ್ತು. ಸ್ಟೆರಾಯ್ಡ್ ಹೆರಿಗೆಯನ್ನು ಮಾತ್ರವಲ್ಲ, ಶ್ವಾಸಕೋಶದ ಬೆಳವಣಿಗೆಯನ್ನೂ ಮುಂದಕ್ಕೆ ತಳ್ಳಿತ್ತು. ಎಷ್ಟೋ ಪ್ರಯೋಗಶಾಲೆಗಳಲ್ಲಿ ಅಪವಾದವೆಂದು ಪಕ್ಕಕ್ಕೆ ಸರಿಸಿಬಿಡಬಹುದಾಗಿದ್ದ ಈ ಸಂಗತಿಯನ್ನು ಲಿಗಿನ್ಸ್ ಬಿಡದೆ ಹಿಡಿದುಕೊಂಡದ್ದೇ ಮುಂದಿನ ಎಲ್ಲಕ್ಕೂ ಬುನಾದಿ.

ಅವರು ಮಕ್ಕಳ ತಜ್ಞ ರಾಸ್ ಹೋವಿ ಅವರೊಡನೆ 1969ರ ಕೊನೆಯಲ್ಲಿ ಮನುಷ್ಯರ ಮೇಲಿನ ಪ್ರಯೋಗ ಆರಂಭಿಸಿದರು. ಆರಿಸಿಕೊಂಡ ಔಷಧ ಬೀಟಾಮೆಥಸೋನ್. ಪ್ರೆಡ್ನಿಸೋಲೋನ್‌ನಂಥ ಸ್ಟೆರಾಯ್ಡ್‌ಗಳ ಬಹುಪಾಲನ್ನು ಮಾಸು ನಿಷ್ಕ್ರಿಯಗೊಳಿಸುತ್ತದೆ. ಬೀಟಾಮೆಥಸೋನ್ ಮತ್ತು ಡೆಕ್ಸಾಮೆಥಸೋನ್ ಅದನ್ನು ದಾಟಿ ಮಗುವನ್ನು ಮುಟ್ಟುತ್ತವೆ. ಅಕಾಲಿಕ ನೋವು ಕಾಣಿಸಿಕೊಂಡ ತಾಯಂದಿರಲ್ಲಿ ಕೆಲವರಿಗೆ ಈ ಮದ್ದು, ಉಳಿದವರಿಗೆ ನೋಡಲು ಅದೇ ರೀತಿಯಿದ್ದು ಬಲ ತೀರಾ ಕಡಿಮೆಯಿರುವ ಇನ್ನೊಂದು. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ಗೊತ್ತಿರಲಿಲ್ಲ. 282 ತಾಯಂದಿರ ಫಲಿತಾಂಶ 1972ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮದ್ದು ಪಡೆದವರ ಮಕ್ಕಳಲ್ಲಿ ಹುಟ್ಟಿದ ಮೊದಲ ದಿನಗಳ ಸಾವು ಶೇ 3.2, ಇನ್ನೊಂದು ಗುಂಪಿನಲ್ಲಿ ಶೇ 15. ತೀರಾ ಬೇಗ, ಅಂದರೆ 32 ವಾರಗಳಿಗೆ ಮೊದಲು ಹುಟ್ಟಿದವರಲ್ಲಿ ಚುಚ್ಚುಮದ್ದು ಕೆಲಸ ಮಾಡಲು ಒಂದು ದಿನದ ಬಿಡುವು ಸಿಕ್ಕಿದ್ದರೆ ಉಸಿರಾಟದ ಕಾಯಿಲೆ ಶೇ 69.6ರಿಂದ ಶೇ 11.8ಕ್ಕೆ ಇಳಿದಿತ್ತು.

ಇಂಥ ಅಂಕಿಗಳನ್ನು ಕಂಡ ಮೇಲೆ ಜಗತ್ತಿನ ಹೆರಿಗೆ ಆಸ್ಪತ್ರೆಗಳೆಲ್ಲ ಈ ಮದ್ದನ್ನು ಕೈಗೆತ್ತಿಕೊಳ್ಳಬೇಕಿತ್ತು. ಹಾಗಾಗಲಿಲ್ಲ. ತಾಯಿಗೆ ಸೋಂಕು ತಗಲೀತು, ಮಗುವಿನ ಮಿದುಳಿಗೆ ಹಾನಿಯಾದೀತು ಎಂಬ ಅಂಜಿಕೆ ಇತ್ತು. ತೀವ್ರ ರಕ್ತದೊತ್ತಡವಿದ್ದ ತಾಯಂದಿರಲ್ಲಿ ಕೆಲವು ಮಕ್ಕಳು ಗರ್ಭದಲ್ಲೇ ಸತ್ತದ್ದು ಮೊದಲ ಪ್ರಯೋಗದಲ್ಲೇ ಆತಂಕ ಹುಟ್ಟಿಸಿತ್ತು. ಮುಂದಿನ ಅಧ್ಯಯನಗಳಲ್ಲಿ ಅದು ನಿಜವಾಗಲಿಲ್ಲ. ನಂತರ ನಡೆದ ಪ್ರಯೋಗಗಳಲ್ಲಿ ಹಲವು ಚಿಕ್ಕವು, ಒಂಟಿಯಾಗಿ ನೋಡಿದರೆ ಯಾವ ತೀರ್ಮಾನಕ್ಕೂ ಬಾರದಂಥವು. ಅವನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದವರು ಪೆಟ್ರೀಷಿಯಾ ಕ್ರೌಲಿ ಮತ್ತು ಸಂಗಡಿಗರು. 1990ರಲ್ಲಿ ಪ್ರಕಟವಾದ ಅವರ ವಿಶ್ಲೇಷಣೆಯ ನಂತರ ಸಂದೇಹಕ್ಕೆ ಎಡೆ ಉಳಿಯಲಿಲ್ಲ. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಲು 1993ರಲ್ಲಿ ಹುಟ್ಟಿದ ಕಾಕ್ರೇನ್ ಸಂಸ್ಥೆಯ ಲಾಂಛನವೇ ಈ ಕಥೆ: ಅದರಲ್ಲಿನ ಪ್ರತಿ ಅಡ್ಡಗೆರೆಯೂ ಈ ಚುಚ್ಚುಮದ್ದಿನ ಒಂದೊಂದು ಪ್ರಯೋಗ, ಕೆಳಗಿನ ವಜ್ರಾಕೃತಿ ಅವೆಲ್ಲದರ ಒಟ್ಟು ಫಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಒಪ್ಪಿಗೆಯ ಮುದ್ರೆ ಒತ್ತಿದ್ದು 1994ರಲ್ಲಿ. ನಡುವೆ ಕಳೆದುಹೋದ ಇಪ್ಪತ್ತೆರಡು ವರ್ಷಗಳಿಗೆ, ಆ ವರ್ಷಗಳಲ್ಲಿ ಉಳಿಯಬಹುದಾಗಿದ್ದ ಮಕ್ಕಳನ್ನು ನೆನೆದರೆ, ಸಮರ್ಥನೆ ಸಿಗುವುದಿಲ್ಲ.

ಕಥೆಯ ಮುಂದಿನ ತಿರುವಿನಲ್ಲಿ ಬೆಳಗಾವಿ ಬರುತ್ತದೆ. ಶ್ರೀಮಂತ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ಫಲ ಕೊಟ್ಟ ಮದ್ದನ್ನು ಹಳ್ಳಿಯ ಉಪಕೇಂದ್ರಗಳಲ್ಲೂ ಕೊಟ್ಟರೆ ಲಕ್ಷಾಂತರ ಮಕ್ಕಳು ಉಳಿದಾರೆಂಬ ನಿರೀಕ್ಷೆ ಸಹಜವಾದದ್ದೇ. ಅದನ್ನು ಪರೀಕ್ಷಿಸಲು ಆರು ದೇಶಗಳಲ್ಲಿ ‘ಆ್ಯಕ್ಟ್’ ಎಂಬ ಪ್ರಯೋಗ ನಡೆಯಿತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ ಅದರ ಕೇಂದ್ರಗಳು. ಸುಮಾರು ಒಂದು ಲಕ್ಷ ಜನನಗಳನ್ನು ಒಳಗೊಂಡ ಇದರ ಫಲಿತಾಂಶ 2015ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದಾಗ ತಜ್ಞರು ದಂಗಾದರು. ತೀರಾ ಚಿಕ್ಕ ಮಕ್ಕಳ ಸಾವು ಕಡಿಮೆಯಾಗಿರಲಿಲ್ಲ. ಒಟ್ಟಾರೆ ನವಜಾತ ಶಿಶು ಮರಣ ಸಾವಿರ ಜನನಕ್ಕೆ 3.5ರಷ್ಟು ಹೆಚ್ಚಿತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಏರಿತ್ತು.

ಪ್ರಯೋಗದಲ್ಲಿ ಬಳಸಿದ್ದು ಅದೇ ಬಗೆಯ ಮದ್ದು. ಬದಲಾಗಿದ್ದು ಸುತ್ತಲಿನ ಪರಿಸ್ಥಿತಿ. ಬಹಳಷ್ಟು ಕಡೆ ಬಸುರಿನ ವಾರಗಳ ಲೆಕ್ಕಕ್ಕೆ ಆಧಾರ ಕೊನೆಯ ಮುಟ್ಟಿನ ನೆನಪು. ಅದೂ ಇಲ್ಲದಾಗ ಹೊಟ್ಟೆಯ ಮೇಲೆ ಗರ್ಭಕೋಶದ ಎತ್ತರ ಅಳೆಯುವ ಬಣ್ಣದ ಟೇಪು. ಹೀಗಾಗಿ ಮದ್ದು ಪಡೆದ ತಾಯಂದಿರಲ್ಲಿ ಹೆಚ್ಚಿನವರು ಹೆತ್ತದ್ದು ತೀರಾ ಚಿಕ್ಕ ಮಕ್ಕಳನ್ನಲ್ಲ. ಆ ಮಕ್ಕಳಿಗೆ ಸ್ಟೆರಾಯ್ಡ್‌ನ ಲಾಭ ಬೇಕಿರಲಿಲ್ಲ. ನಿಜಕ್ಕೂ ಬೇಗ ಹುಟ್ಟಿದವುಗಳಿಗೆ ಬೆಚ್ಚಗಿಡುವ, ಆಮ್ಲಜನಕ ಕೊಡುವ, ಸೋಂಕು ತಡೆಯುವ ಆರೈಕೆ ಹತ್ತಿರದಲ್ಲಿ ಇರಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಷರತ್ತುಗಳನ್ನು ಮುಂದಿಟ್ಟಿತು: ಗರ್ಭದ ವಯಸ್ಸು ಖಚಿತವಾಗಿರಬೇಕು, ಹೆರಿಗೆ ಸನ್ನಿಹಿತವಾಗಿರಬೇಕು, ತಾಯಿಗೆ ಸೋಂಕಿರಬಾರದು, ತಾಯಿ-ಮಗು ಇಬ್ಬರಿಗೂ ತಕ್ಕ ಆರೈಕೆ ಸಿಗುವಂತಿರಬೇಕು.

ಈ ಷರತ್ತುಗಳನ್ನು ಪಾಲಿಸಿದರೆ ಬಡ ದೇಶಗಳಲ್ಲೂ ಮದ್ದು ಫಲಿಸೀತೇ? ‘ಆ್ಯಕ್ಷನ್’ ಪ್ರಯೋಗ ಕೇಳಿದ್ದು ಇದನ್ನೇ. 2017ರ ಕೊನೆಯಲ್ಲಿ ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆಗಳಲ್ಲಿ ಆರಂಭವಾದ ಇದರಲ್ಲೂ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರಿದ್ದರು. ಈ ಸಲ ಗರ್ಭದ ವಯಸ್ಸನ್ನು ಸ್ಕ್ಯಾನಿಂಗ್‌ನಿಂದ ಖಚಿತಪಡಿಸಿಕೊಂಡು, 26 ವಾರ ತುಂಬಿ 34 ತುಂಬದ 2,852 ತಾಯಂದಿರನ್ನು ಆರಿಸಲಾಯಿತು. ಕೊಟ್ಟದ್ದು ಅಗ್ಗದ ಡೆಕ್ಸಾಮೆಥಸೋನ್. ಲಾಭ ಸ್ಪಷ್ಟವಾದ ಕಾರಣ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ನವಜಾತ ಶಿಶು ಮರಣ ಶೇ 23.5ರಿಂದ ಶೇ 19.6ಕ್ಕೆ ಇಳಿದಿತ್ತು, ತಾಯಂದಿರ ಸೋಂಕು ಹೆಚ್ಚಿರಲಿಲ್ಲ. ಇಪ್ಪತ್ತೈದು ತಾಯಂದಿರಿಗೆ ಮದ್ದು ಕೊಟ್ಟರೆ ಒಂದು ಮಗು ಹೆಚ್ಚು ಉಳಿಯುತ್ತದೆ ಎಂಬುದು 2020ರಲ್ಲಿ ಪ್ರಕಟವಾದ ಲೆಕ್ಕ.

ಭಾರತದಲ್ಲಿ 2014ರ ಸರ್ಕಾರಿ ಮಾರ್ಗಸೂಚಿಯ ಪ್ರಕಾರ 24ರಿಂದ 34 ವಾರಗಳ ನಡುವೆ ಅಕಾಲಿಕ ಹೆರಿಗೆಯ ಸೂಚನೆ ಕಂಡರೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್‌ನ ನಾಲ್ಕು ಚುಚ್ಚುಮದ್ದನ್ನು ಹನ್ನೆರಡು ಗಂಟೆಗೊಮ್ಮೆ ಕೊಡಬೇಕು. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಮೊದಲನೆಯದನ್ನು ಹಳ್ಳಿಯ ದಾದಿ, ಅಂದರೆ ಎಎನ್‌ಎಂ ಸಹೋದರಿಯೇ ಕೊಡಬಹುದು. ಅವಳ ಕೈಯಲ್ಲಿ ಸಿರಿಂಜು ಇದ್ದರೆ ಸಾಲದು, ಸರಿಯಾದ ವಾರದ ಲೆಕ್ಕವೂ ಇರಬೇಕು. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಗರ್ಭದ ವಯಸ್ಸನ್ನು ಒಂದು ವಾರದ ವ್ಯತ್ಯಾಸದೊಳಗೆ ಹೇಳುತ್ತದೆ. ಕೊನೆಯ ತಿಂಗಳುಗಳ ಸ್ಕ್ಯಾನಿಂಗ್‌ನಲ್ಲಿ ಮೂರು ವಾರದವರೆಗೂ ತಪ್ಪಬಹುದು. ಮುಟ್ಟು ನಿಂತ ಕೂಡಲೇ ಕೊನೆಯ ಮುಟ್ಟಿನ ತಾರೀಖನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಮೊದಲ ಸ್ಕ್ಯಾನಿಂಗ್ ತಡಮಾಡದೆ ಮಾಡಿಸಿ. ನೋವು ಅಕಾಲದಲ್ಲಿ ಬಂದರೆ ಆಸ್ಪತ್ರೆಗೆ ಹೊರಡುವಾಗ ಆ ಕಾರ್ಡನ್ನು ಮರೆಯಬೇಡಿ.